ಅಳಿವೆಯಲ್ಲಿ ಕೇಳಿಸಿದ ಒಂದು ಮಾತು

ನಾನು ಫ್ರಿಜ್ ರಿಪೇರಿ ಮಾಡುವವನು. ತಣ್ಣಗಾಗದಿದ್ದರೆ ಗ್ಯಾಸ್ ಹೋಗಿರಬೇಕು, ಇಲ್ಲ ಕಂಪ್ರೆಸರ್ ಕೆಟ್ಟಿರಬೇಕು. ಅದರಾಚೆಗೆ ಕಾರಣ ಹುಡುಕುವ ಅಭ್ಯಾಸ ನನಗಿಲ್ಲ. ಯಾರಾದರೂ ದೆವ್ವ, ಅಶರೀರವಾಣಿ ಎಂದು ಶುರು ಮಾಡಿದರೆ "ರಾತ್ರಿ ಎಂತ ತಿಂದಿದ್ದೆ ಮಾರಾಯ?" ಎಂದು ನಗುತ್ತಿದ್ದೆ. ಇದನ್ನು ಓದಿ ನೀವು ನನ್ನನ್ನೂ ಹಾಗೆ ಕೇಳಿದರೆ ಬೇಸರವಿಲ್ಲ.

ನನಗೆ ಗಾಳ ಹಾಕುವ ಹುಚ್ಚು ಹತ್ತಿಸಿದ್ದು ಅಕ್ಕನ ಗಂಡ, ನನ್ನ ಭಾವ. ಮಸ್ಕತ್‌ನಲ್ಲಿ ದುಡಿದು ಬಂದು ಪಡೀಲಿನಲ್ಲಿ ಮನೆ ಕಟ್ಟಿದವರು. ಬರುವಾಗ ಒಂದು ಒಳ್ಳೆಯ ರಾಡ್ ತಂದಿದ್ದರು. ಅವರ ಕಣ್ಣು ಒಂದೇ ಮೀನಿನ ಮೇಲೆ: ಟಾರ್ಪನ್. ದೊಡ್ಡ ಕಣ್ಣು, ಬೆಳ್ಳಿ ಮೈ. ಆಗಾಗ ಮೇಲೆ ಬಂದು ಗಾಳಿ ನುಂಗಿ ಹೋಗುತ್ತದೆ. ಮೈಯೆಲ್ಲ ಮುಳ್ಳು, ಸಾರಿಗಾಗುವುದಿಲ್ಲ. "ತಿನ್ಲಿಕ್ಕಲ್ಲ, ಅದರ ಗುದ್ದಾಟ ನೋಡ್ಲಿಕ್ಕೆ" ಎನ್ನುತ್ತಿದ್ದರು. ಮಳೆಗಾಲದ ಕೆಂಪು ನೀರು ಹರಿಯುವಷ್ಟು ದಿನ ರೀಲಿಗೆ ಎಣ್ಣೆ ಹಾಕಿ ಕಾಯುವುದು, ನವರಾತ್ರಿ ಕಳೆದು ನೀರು ತಿಳಿಯಾದಾಗ ಹೊಳೆ ಕಡಲು ಸೇರುವ ಅಳಿವೆಗೆ ಹೋಗುವುದು, ಬೇಸಗೆಯಲ್ಲಿ ಉಪ್ಪುನೀರು ಹೊಳೆಗೆ ಏರಿದಂತೆ ನಾವೂ ಮೇಲಕ್ಕೆ ಸರಿಯುವುದು. ನಮ್ಮ ವರ್ಷ ಹೀಗೆ ಸಾಗುತ್ತಿತ್ತು. ಭಾವ ಯಾವಾಗಲೂ ನನ್ನ ಎಡಕ್ಕೆ ನಿಲ್ಲುತ್ತಿದ್ದರು. ಮೀನು ಕಚ್ಚಿತೆಂದರೆ ಅವರ ಬಾಯಲ್ಲಿ ಒಂದೇ ತುಳು ಮಾತು, "ಒಯ್ಪುಲ!" ಎಳೆ ಎಂದು. ಬಿಡು ಎಂದು ಅವರು ಹೇಳಿದ್ದನ್ನು ನಾನು ಕೇಳಿದ್ದೇ ಇಲ್ಲ.

ಆಮೇಲೆ ಅವರಿಗೆ ಸ್ಟ್ರೋಕ್ ಆಯಿತು. ಬಲಗೈ ಹೋಯಿತು, ಮಾತು ಪೂರ್ತಿ ನಿಂತಿತು. ಅಕ್ಕ ಗಂಜಿ ತಿನ್ನಿಸುವಾಗಲೆಲ್ಲ "ಒಂದು ಶಬ್ದ ಮಾತಾಡಿ" ಎಂದು ಅವರ ಮುಖ ನೋಡುತ್ತಿದ್ದಳು. ಅವಳಿಗೆ ಬೇಕಿದ್ದುದು ಅಷ್ಟೇ.

ಆ ವರ್ಷ ನವರಾತ್ರಿಯ ನಂತರ ಒಂದು ಸಂಜೆ, ಭಾವನ ರಾಡ್ ಹಿಡಿದು ನಾನೊಬ್ಬನೇ ಅಳಿವೆಯ ಕಲ್ಲು ಪೇರಿಸಿದ ತಡೆಗೋಡೆಗೆ ಹೋದೆ. ಸಮುದ್ರಕ್ಕೆ ನೀರು ಇಳಿಯುತ್ತಿತ್ತು. ಸೂರ್ಯ ಮುಳುಗುವ ಹೊತ್ತಿಗೆ ಗಾಳಕ್ಕೆ ದೊಡ್ಡದೇ ಬಿತ್ತು. ಒಮ್ಮೆ ಮೇಲಕ್ಕೆ ನೆಗೆದು ಬೆಳ್ಳಗೆ ಮಿಂಚಿತು. ಇದರ ಫೋಟೋ ತೋರಿಸಿದರೆ ಭಾವ ಏನಾದರೂ ಹೇಳಿಯಾರು ಎಂಬ ಆಸೆಯಲ್ಲಿ ಎಳೆಯುತ್ತಾ ಕೆಳಗಿನ ಕಲ್ಲಿಗೆ ಇಳಿದೆ. ಆಗ ಎಡಗಿವಿಯ ಹತ್ತಿರ ಅವರ ಸ್ವರ ಕೇಳಿಸಿತು: "ಬುಡ್ಲ." ಬಿಡು ಎಂದು. ಕೂಗಿದ್ದಲ್ಲ, ಬದಿಯಲ್ಲಿ ನಿಂತು ಹೇಳಿದ ಹಾಗೆ. ಕೈ ತಾನಾಗಿ ರಾಡ್ ಬಿಟ್ಟಿತು. ಆ ರಭಸಕ್ಕೆ ಹಿಂದಿನ ಕಲ್ಲಿನ ಮೇಲೆ ಕುಸಿದು ಕುಳಿತೆ. ಎಡಕ್ಕೆ ನೋಡಿದರೆ ಯಾರೂ ಇಲ್ಲ. ನಾನು ನಿಂತಿದ್ದ ಕಲ್ಲು ಮಗುಚಿ, ರಾಡ್ ಹೋದ ಕಡೆಗೇ ನೀರಿಗೆ ಬಿತ್ತು.

ನೇರ ಪಡೀಲಿಗೆ ಹೋದೆ. ಅಕ್ಕ ಅಡುಗೆಮನೆಯಲ್ಲಿ ಅಳುತ್ತಿದ್ದಳು.

"ಇಷ್ಟು ತಿಂಗಳಲ್ಲಿ ಇವತ್ತು ಒಂದು ಮಾತು ಹೇಳಿದ್ರು. ಎಂತ ಗೊತ್ತುಂಟಾ? ಗಂಜಿ ಕೊಡ್ಲಿಕ್ಕೆ ಹೋದ್ರೆ ಬುಡ್ಲ ಅಂದ್ರು. ಅವರಿಗೆ ಸಾಕಾಗಿದೆ ಕಾಣ್ತದೆ, ನಾನೂ ಸಾಕು, ಜೀವವೂ ಸಾಕು."

ಯಾವಾಗ ಎಂದು ಕೇಳಿದೆ. ದೇವರಿಗೆ ದೀಪ ಇಟ್ಟು ಬಂದ ಕೂಡಲೇ ಎಂದಳು. ಅಂದರೆ ಸೂರ್ಯ ಮುಳುಗುವ ಅದೇ ಹೊತ್ತಿಗೆ. ಅಳಿವೆಯಲ್ಲಿ ನಡೆದದ್ದನ್ನು ಹೇಳಿದೆ.

"ಹಾಗಾದ್ರೆ ನನಗೆ ಹೇಳಿದ್ದಲ್ವಾ?"

"ಅಲ್ಲ ಅಕ್ಕ, ನನಗೆ."

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು, ಗಂಜಿ ಬಿಸಿ ಮಾಡಿ ಒಳಗೆ ಹೋದಳು. ಭಾವ ಸುಮ್ಮನೆ ಬಾಯಿ ತೆರೆದರು.

ಕಲ್ಲು ಸಡಿಲವಾಗಿದ್ದಿರಬಹುದು. ಗಾಳಿಯ ಸದ್ದು ಸ್ವರದ ಹಾಗೆ ಕೇಳಿಸಿರಬಹುದು. ಆದರೆ ಪಡೀಲಿನ ಆ ಮಾತು? ಎಷ್ಟು ಯೋಚಿಸಿದರೂ ನನ್ನ ಬುದ್ಧಿಗೆ ಎಟುಕಿಲ್ಲ. ಭಾವನನ್ನೇ ಕೇಳಿದೆ, ನನ್ನ ಖಾಲಿ ಕೈಯನ್ನು ನೋಡಿದರು, ಅಷ್ಟೇ. ಆಮೇಲೆ ಒಂದು ಮಳೆಗಾಲ ಬದುಕಿದ್ದರು, ಮತ್ತೆ ಮಾತಾಡಲಿಲ್ಲ. ಆ ಒಂದು ಮಾತು ನಮ್ಮಿಬ್ಬರಲ್ಲಿ ಯಾರಿಗೆ ಹೇಳಿದ್ದು ಎಂಬುದು ನಿಜವಾಗಿ ನನಗೆ ಗೊತ್ತಿಲ್ಲ.

ಅಕ್ಕ ಈಗಲೂ ಆಗಾಗ, ಬೇರೇನೋ ಮಾತಾಡುತ್ತಿರುವಾಗ, "ಅದು ನಿನಗೇ ಹೇಳಿದ್ದಲ್ವಾ?" ಎಂದು ಕೇಳುತ್ತಾಳೆ.

ಹೌದು ಎನ್ನುತ್ತೇನೆ.