ಫ್ಲೆಕ್ಸ್ ಧರ್ಮೇಂದ್ರ
ಅರಕಲಗೂಡಿನ ಫ್ಲೆಕ್ಸ್ ಅಂಗಡಿಯ ಧರ್ಮೇಂದ್ರನಿಗೆ ಮಿಷಿನ್ ಕೈಕೊಟ್ಟರೆ ಸಿಟ್ಟು ಬರುವುದಿಲ್ಲ, ಅಕ್ಕರೆ ಉಕ್ಕುತ್ತದೆ. ಮುಖಂಡರ ಹುಟ್ಟುಹಬ್ಬದ ಬ್ಯಾನರು ಮೀಸೆಯವರೆಗೆ ಬಂದು, ಇಂಕು ಹೊತ್ತು ಅತ್ತಿಂದಿತ್ತ ಓಡುವ ಕ್ಯಾರೇಜು ನಡುದಾರಿಯಲ್ಲಿ ಗಕ್ಕನೆ ನಿಂತಿತೆನ್ನಿ. ಅಭಿಮಾನಿಗಳ ಜೀವ ಬಾಯಿಗೆ ಬಂದಿರುತ್ತದೆ, ಇವನು ಕಾಫಿ ಮುಗಿಸಿಯೇ ಏಳುವುದು. "ಗಾಬ್ರಿ ಬ್ಯಾಡಿ ಸಾ, ಧೂಳು ಕುಂತದೆ ಅಷ್ಟೇಯ" ಎನ್ನುತ್ತ, ಕ್ಯಾರೇಜಿಗೆ ದಾರಿ ತೋರಿಸುವ ತೆಳು ಪಟ್ಟಿಯನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಎತ್ತಿನ ಬೆನ್ನು ತಟ್ಟಿದಂತೆ ತಟ್ಟಿ, "ನಡೀಲಾ ಮಗ" ಎಂದರೆ ಅದು ನಡೆಯಲೇಬೇಕು. ಇಷ್ಟು ರಮಿಸಿಕೊಳ್ಳದೆ ಆ ಮಿಷಿನ್ ಯಾರ ಮುಖವನ್ನೂ ಮುಗಿಸಿದ್ದಿಲ್ಲ. ಮೊನ್ನೆ ಅವನ ಅವ್ವ ಸುಬ್ಬಮ್ಮ ತೀರಿಕೊಂಡಾಗ ಶ್ರದ್ಧಾಂಜಲಿಯ ಬ್ಯಾನರನ್ನು ತಾನೇ ಪ್ರಿಂಟಿಗೆ ಹಾಕಿದ. ಅವ್ವನ ಹಣೆ ಬಂತು, ನಗು ಬಂತು. ಕ್ಯಾರೇಜು ಒಮ್ಮೆಯೂ ತಡವರಿಸಲಿಲ್ಲ. ಇನ್ನೇನು ಮರಣದ ತಾರೀಕು ಮೂಡಬೇಕು, ಒರೆಸುವ ಬಟ್ಟೆ ಹಿಡಿದೇ ಕಾಯುತ್ತಿದ್ದವನು ಮೆಲ್ಲಗೆ ಅಂದ, "ವಸಿ ನಿಂತ್ಕಳ್ಲಾ ಮಗ."