ಟೀಚರ್ ತೂಗಿದ ಇಲಿಗಳು

ಮೊನ್ನೆ ಸಿಂದಗಿ ಸಂತೆಯಲ್ಲಿ ಯಾರೋ ಎಣ್ಣೆ ತೆಗೆದ ಶೇಂಗಾ ಹಿಂಡಿಯ ಚೀಲ ಬಿಚ್ಚಿದರು. ಆ ಕಮಟು ವಾಸನೆ ಮೂಗಿಗೆ ಬಡಿದದ್ದೇ ನಮ್ಮ ವಿಜ್ಞಾನದ ಟೀಚರ್ ನೆನಪಾದರು...

ತೊಂಬತ್ತರ ದಶಕದ ಕೊನೆ. ನಾನಾಗ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿದ್ದು ಹೈಸ್ಕೂಲು ಓದುತ್ತಿದ್ದೆ. ಎರಡೂ ಹೊತ್ತು ಅನ್ನ, ಬೇಳೆಯ ಬಣ್ಣ ಮಾತ್ರ ಇದ್ದ ಸಾರು. ಹೊಟ್ಟೆ ಬಿರಿಯುವಂತೆ ಉಂಡರೂ ತಾಸಿನೊಳಗೆ ಮತ್ತೆ ಹಸಿವು.

"ಇಷ್ಟಿಷ್ಟು ತಿಂತಾವು. ಇವಕ್ಕೇನು ಕಡಿಮಿ ಆಗೇತಿ?" ಎನ್ನುತ್ತಿದ್ದರು ವಾರ್ಡನ್.

ಈ ಮಾತು ಟೀಚರ್ ಕಿವಿಗೆ ಬಿತ್ತು. ಎಲ್ಲಿಂದಲೋ ಬಿಳಿ ಇಲಿಮರಿಗಳನ್ನು ತರಿಸಿ ಶಾಲೆಯ ಪ್ರಯೋಗಾಲಯದಲ್ಲಿ ಎರಡು ಪಂಜರ ಇಟ್ಟರು. ಒಂದಕ್ಕೆ ನಮ್ಮ ಹಾಸ್ಟೆಲಿನ ಅನ್ನ-ಸಾರು, ಇನ್ನೊಂದಕ್ಕೆ ಜೋಳದ ರೊಟ್ಟಿ, ಬೇಯಿಸಿದ ಬೇಳೆ, ಶೇಂಗಾ ಹಿಂಡಿ. ಎರಡಕ್ಕೂ ಬೇಕಾದಷ್ಟು. ವಾರವಾರ ತಕ್ಕಡಿಯಲ್ಲಿ ತೂಗುತ್ತಿದ್ದರು. ಅನ್ನದ ಪಂಜರದವು ಸದಾ ತಿನ್ನುತ್ತಲೇ ಇದ್ದವು, ಆದರೂ ಬೆಳೆಯಲಿಲ್ಲ. ಕೂದಲು ಉದುರಿ ಬೆನ್ನೆಲುಬು ಕಾಣತೊಡಗಿತು. ಬೇಳೆಯ ಪಂಜರದವು ಅವಕ್ಕಿಂತ ಕಡಿಮೆ ತಿಂದು ದುಂಡಗಾದವು.

ಅದೇ ಹೊತ್ತಿಗೆ, ನನ್ನ ಪಕ್ಕದಲ್ಲಿ ಮಲಗುತ್ತಿದ್ದ ಮೋರಟಗಿಯ ಹುಡುಗಿಯ ಕಾಲು, ಮುಖ ಊದಿಕೊಂಡವು. "ಹಾಸ್ಟೆಲ್ ಕೂಳು ಮೈಗೆ ಹತ್ತೇತಿ," ಎಂದರು ವಾರ್ಡನ್. ಟೀಚರ್ ಅವಳ ಪಾದವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಬಿದ್ದ ಕುಳಿ ಹಾಗೇ ಉಳಿಯಿತು. "ಇದು ಮೈ ಬಂದದ್ದಲ್ಲ, ಬ್ಯಾಳಿ ಸಾಲದ್ದಕ್ಕ ತುಂಬಿದ ನೀರು," ಎಂದರು.

ಮರುದಿನ ಅವರು ಎರಡೂ ಪಂಜರ ಹೊತ್ತು ಹಾಸ್ಟೆಲ್ ಕಮಿಟಿಯ ಮುಂದೆ ನಿಂತರು. ನಾವು ಬಾಗಿಲ ಆಚೆ ಇದ್ದೆವು.

"ಈ ಇಲಿಗೆ ಕೂಳು ಕಡಿಮಿ ಬಿದ್ದಿಲ್ರಿ. ತಿಂತಾನ ಸಾಯಾಕತ್ತಾವು. ನಮ್ಮ ಹುಡುಗ್ಯಾರ ಗತಿನೂ ಇದ ಐತಿ."

ಅಧ್ಯಕ್ಷರು ಮೂಗಿಗೆ ವಸ್ತ್ರ ಹಿಡಿದರು. "ಮೊದಲ ಅವನ್ನ ಹೊರಗ ಇಡ್ರಿ ಬಾಯಾರ. ಮುಂದಿನ ತಿಂಗಳ ನೋಡೂಣಂತ."

ಮುಂದಿನ ತಿಂಗಳು ಬರುವುದರೊಳಗೆ ಆ ಹುಡುಗಿಗೆ ಭೇದಿ ಹತ್ತಿತು. ಮೈ ತಡೆಯಲಿಲ್ಲ... ಅವಳಪ್ಪ ಟೆಂಪೋದಲ್ಲಿ ಹೆಣ ಒಯ್ದ. ಸಾರು ಕೆಲವು ದಿನ ಗಟ್ಟಿಯಾಯಿತು, ಮತ್ತೆ ತೆಳ್ಳಗಾಯಿತು. ಟೀಚರಿಗೆ ಮುದ್ದೇಬಿಹಾಳದ ಕಡೆ ವರ್ಗವಾಯಿತು.

ಎಷ್ಟೋ ವರ್ಷಗಳ ಮೇಲೆ, ನನಗೆ ನೌಕರಿ ಸಿಕ್ಕಿತೆಂದು ಹೇಳಲು ಅವರ ಮನೆಗೆ ಹೋಗಿದ್ದೆ. ಊಟಕ್ಕೆ ಕೂರಿಸಿದರು.

"ಅವತ್ತು ನಮ್ಮ ಸಲುವಾಗಿ ಮಾತಾಡಿದವರು ನೀವೊಬ್ಬರ ರೀ," ಅಂದೆ.

ಅವರು ನನ್ನ ತಾಟಿಗೆ ಬೇಳೆ ಬಡಿಸಿದರು. ಆಮೇಲೆ, "ಕಾಲು ಒತ್ತಿ ನೋಡಿದ ದಿನಾನ ಆಕಿನ್ನ ಮನಿಗೆ ಕರಕೊಂಡು ಬಂದು ಉಣಿಸಬೇಕಿತ್ತು. ನಾ ಇಲಿ ಹೊತ್ಕೊಂಡು ತಿರಗ್ಯಾಡಿದೆ," ಎಂದರು.



ಈಗ ಟೀಚರೂ ಇಲ್ಲ. ನಿಮ್ಮದೇನೂ ತಪ್ಪಿಲ್ಲ ಎಂದು ಅವರಿಗೆ ಹೇಳಬಲ್ಲವಳು ಒಬ್ಬಳೇ ಇದ್ದಳು; ಮೋರಟಗಿಯ ಆ ಹುಡುಗಿ ಅವರಿಗಿಂತ ಎಷ್ಟೋ ಮೊದಲೇ ಹೋಗಿದ್ದಳು.