ನಾಯಿಯ ಹೆಸರು ಕೇಳಿದ ಓದುಗ

'ನಿಮ್ಮ ನಾಯಿಯ ಹೆಸರು ಮೋತಿಯೋ, ರಾಜಾನೋ?'

ಹದಿನೈದು ದಿನದ ಹಿಂದೆ ಓದುಗನೊಬ್ಬನಿಂದ ಬಂದ ಇಮೇಲ್ ಶುರುವಾಗಿದ್ದೇ ಹೀಗೆ. ಇದೇ ಅಂಕಣದಲ್ಲಿ ನಾನು ಒಮ್ಮೆ ಮೋತಿ ಎಂದೂ, ಇನ್ನೊಮ್ಮೆ ರಾಜಾ ಎಂದೂ ಬರೆದಿದ್ದೆನಂತೆ. ಅವ್ವನ ತವರು ಒಂದು ಬರಹದಲ್ಲಿ ಹಿರೋಳ್ಳಿ, ಇನ್ನೊಂದರಲ್ಲಿ ಮಾದನಹಿಪ್ಪರಗಾ ಆಗಿದೆಯಂತೆ. ಸರಿ ಯಾವುದೆಂದು ತಿಳಿಸಿದರೆ ತಾನು ಕತ್ತರಿಸಿಟ್ಟ ಪ್ರತಿಗಳಲ್ಲಿ ತಿದ್ದಿಕೊಳ್ಳುತ್ತಾನಂತೆ.

ನನ್ನನ್ನು ಇಷ್ಟು ಗಮನವಿಟ್ಟು ಓದುವವರೂ ಇದ್ದಾರೆಯೇ? ಉಬ್ಬಿಹೋದೆ. (ನೆನಪನ್ನು ನಂಬಬೇಡಿ ಎಂದು ವಾರವಾರ ಬರೆಯುವವಳಿಗೆ ಒಂದು ತಪ್ಪು ತೋರಿಸಿದರೆ ಸಾಕು, ಕರಗಿಬಿಡುತ್ತಾಳೆ.) ಹಳೆಯ ಡೈರಿ ತೆಗೆದು ನೋಡಿ, ಕ್ಷಮೆ ಕೇಳಿ ಉತ್ತರಿಸಿದೆ. ನಾಯಿ ಮೋತಿ. ತವರು ಹಿರೋಳ್ಳಿ. ಕೇಳದಿದ್ದರೂ ಮೊದಲ ಶಾಲೆಯ ಹೆಸರನ್ನೂ ಸೇರಿಸಿದೆ.

ಮೊನ್ನೆ ಅಕ್ಕನ ಫೋನ್ ಬಂತು. ಜೇವರ್ಗಿಯಲ್ಲಿ ಅವಳದು ಹೊಲಿಗೆ ಅಂಗಡಿ. ನಾನು ಅವಳಿಗೆ ಮೇಲ್ ಕಳಿಸಿದ್ದೇನಂತೆ: ಚಿಕ್ಕಂದಿನಲ್ಲಿ ನಾವಿಬ್ಬರೂ ಮೋತಿಯ ಜೊತೆ ನಿಂತ ಫೋಟೋ ಸಿಕ್ಕಿದೆ, ಲಿಂಕ್ ಒತ್ತು, ಪಾಸ್‌ವರ್ಡ್ ಕೇಳಿದರೆ ಹಾಕು.

ನಾನು ಕಳಿಸಿಯೇ ಇರಲಿಲ್ಲ. (ಕಳಿಸಿ ಮರೆತೆನೇ? ಒಂದು ಕ್ಷಣ ಆ ಅನುಮಾನವೂ ಬಂತು.) ನನ್ನ ಮೇಲ್ ತೆರೆಯಲು ಹೋದರೆ ಪಾಸ್‌ವರ್ಡ್ ತಪ್ಪು ಎನ್ನುತ್ತಿದೆ. ವರ್ಷಗಳ ಹಿಂದೆ ಖಾತೆ ತೆರೆದಾಗ, ಪಾಸ್‌ವರ್ಡ್ ಮರೆತರೆ ಇರಲೆಂದು ಮೂರು ಗುಟ್ಟಿನ ಪ್ರಶ್ನೆ ಇಟ್ಟಿದ್ದೆ. ಸಾಕಿದ ಪ್ರಾಣಿಯ ಹೆಸರು. ತಾಯಿಯ ಊರು. ಮೊದಲ ಶಾಲೆ.

ಮೂರನ್ನೂ ಆ ಓದುಗನಿಗೆ ನಾನೇ ಬರೆದು ಕಳಿಸಿದ್ದೆ!

"ಅಕ್ಕಾ, ಲಿಂಕ್ ಒತ್ತಿದೇನು?"

"ಇಲ್ಲ ಬಿಡು. ಓದಿದ ಕೂಡ್ಲೆ ನಿಂದಲ್ಲ ಅಂತ ಗೊತ್ತಾತು."

"ಹ್ಯಾಂಗ?"

"'ನನಗೆ ಸ್ಪಷ್ಟವಾಗಿ ನೆನಪಿದೆ' ಅಂತ ಬರ್ದಿತ್ತವ್ವ. ನಿನಗ ನಿನ್ನೆ ಏನು ಉಂಡಿ ಅನ್ನೋದರೆ ಸ್ಪಷ್ಟ ನೆನಪದ ಏನು? ನೀ ಬರ್ದ್ರ ಸಾಲಿಗೊಂದು 'ಇರಬಹುದು' ಇರ್ತದ. ಇದರಾಗ ಒಂದೂ ಇದ್ದಿಲ್ಲ. ಮತ್ತ, ಮೋತಿ ಇದ್ದಾಗ ನಮ್ಮನ್ಯಾಗ ಕ್ಯಾಮೆರಾ ಎಲ್ಲಿತ್ತು?"

ಅಫಜಲಪುರ, ಇಜೇರಿಯ ನೆಂಟರಿಗೆಲ್ಲ ಅವಳೇ ಫೋನ್ ಮಾಡಿ ಎಚ್ಚರಿಸಿದಳು. ಯಾರೂ ಒತ್ತಿರಲಿಲ್ಲ. ನಾನು ಆಳಂದದ ಮನೆಯಲ್ಲಿ ಕೂತು ಖಾತೆ ವಾಪಸ್ ಕೊಡಿ ಎಂದು ಅರ್ಜಿ ತುಂಬಿದೆ. ಖಾತೆ ತೆರೆದದ್ದು ಯಾವಾಗ? ಹಳೆಯ ಪಾಸ್‌ವರ್ಡ್ ಯಾವುದು? ನನಗೇನು ಗೊತ್ತು!

ಮೇಲ್‌ನಲ್ಲಿ ಯಾರು ಏನೇ ಒತ್ತು ಅಂದರೂ ಮೊದಲು ಅವರಿಗೆ ಫೋನ್ ಮಾಡಿ. ಹೊಗಳಿ ಪ್ರಶ್ನೆ ಕೇಳಿದರಂತೂ ಇನ್ನಷ್ಟು ಹುಷಾರಾಗಿರಿ. ವಾಪಸ್ ಸಿಕ್ಕ ಖಾತೆಯ ಗುಟ್ಟಿನ ಪ್ರಶ್ನೆಗಳಿಗೆ ಈಗ ಮೂರೂ ಸುಳ್ಳು ಉತ್ತರ ಇಟ್ಟಿದ್ದೇನೆ.

ನಾನೇ ನಾನು ಎಂದು ರುಜುವಾತು ಮಾಡಲು ನನಗೆ ಎರಡು ದಿನ ಹಿಡಿಯಿತು. ಅವನಿಗೆ ಒಂದೇ ಮೇಲ್ ಸಾಕಾಯಿತಲ್ಲ?